ಸೊಸೈಟಿ ಬಡ್ಡಿಗೊಂದು ಭಾಷೆ: ಆಂಟ್ಲರ್ 4 ಬಳಸಿ ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ತಂಡದಲ್ಲಿದ್ದು ಸ್ವಂತದ್ದೊಂದು ಪುಟ್ಟ ಭಾಷೆ ಕಟ್ಟಬೇಕು, ಇಲ್ಲವೇ ಹಳೇ ಭಾಷೆಯ ಕೋಡನ್ನು ಹೊಸ ಭಾಷೆಗೆ ದಾಟಿಸಬೇಕು ಅಂದರೆ ಆಂಟ್ಲರ್ 4 (ANTLR, ಭಾಷೆ ಓದುವ ಕೋಡನ್ನು ತಾನೇ ಬರೆದುಕೊಡುವ ಸಲಕರಣೆ) ಹಿಡಿಯಿರಿ. ದುಡ್ಡು ಕೊಡಬೇಕಿಲ್ಲ. ಬಿಎಸ್‌ಡಿ ಲೈಸೆನ್ಸ್ ಇರುವುದರಿಂದ ನೀವು ಮಾರುವ ಸಾಫ್ಟ್‌ವೇರಿನೊಳಗೂ ಧೈರ್ಯವಾಗಿ ಸೇರಿಸಬಹುದು. ಆದರೆ ಅದು ಎಲ್ಲಿಯವರೆಗೆ ನಿಮ್ಮ ಜೊತೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನುವುದು ಗೊತ್ತಿರಲಿ. ಬರೆದದ್ದನ್ನು ಓದಿ, ಬಿಡಿಸಿ, ಮರದಂತೆ ಜೋಡಿಸಿ ಕೈಗಿಡುವುದು ಅದರ ಕೆಲಸ. ಅದರ ಅರ್ಥ ಏನು ಅನ್ನುವುದು ಪೂರ್ತಿ ನಿಮ್ಮ ಕೆಲಸ.

ನಾನು ದಾವಣಗೆರೆಯಲ್ಲಿ ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಪಿಗ್ಮಿ, ಆರ್‌ಡಿ, ಚಿನ್ನದ ಸಾಲ, ಜಾಮೀನು ಸಾಲ, ಸುಸ್ತಿ ಬಡ್ಡಿ, ಇದೇ ನಮ್ಮ ಲೋಕ. ಒಂದು ಸೊಸೈಟಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಆಡಳಿತ ಮಂಡಳಿಯಲ್ಲಿ ಠರಾವು ಆಯಿತು ಅಂದರೆ ಮರುದಿನ ಬೆಳಿಗ್ಗೆಯೇ ಬಡ್ಡಿ ದರ ಬದಲಾಗಬೇಕು. ಪ್ರತಿ ಸಲವೂ ಜಾವಾ ಕೋಡ್ ತಿದ್ದಿ, ಟೆಸ್ಟ್ ಮಾಡಿ, ಕಳಿಸಿ ಅಂತ ಕೂತರೆ ಅದೇ ಒಂದು ಉದ್ಯೋಗ ಆಗುತ್ತದೆ. ಅದಕ್ಕೇ ಬಡ್ಡಿ ನಿಯಮಗಳನ್ನು ಕಾರ್ಯದರ್ಶಿಗಳೇ ಕನ್ನಡದಲ್ಲಿ ಬರೆಯುವಂಥ ಒಂದು ಸಣ್ಣ ಭಾಷೆ ಬೇಕಾಯಿತು. ಜೊತೆಗೆ ಹಳೇ ಫಾಕ್ಸ್‌ಪ್ರೊ (ಡೇಟಾಬೇಸ್ ಕೆಲಸದ ಹಳೇ ಭಾಷೆ) ಪ್ರೋಗ್ರಾಮುಗಳ ರಾಶಿಯೂ ಇತ್ತು. ಅವನ್ನು ಜಾವಾ ಮತ್ತು ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ತರಬೇಕಿತ್ತು. ಎರಡಕ್ಕೂ ಆಂಟ್ಲರನ್ನೇ ಬಳಸಿದೆ. ಈ ವಿಮರ್ಶೆ ಆ ಅನುಭವದ್ದು.

ಹಿನ್ನೆಲೆ ಸ್ವಲ್ಪ. ಇದನ್ನು ಕಟ್ಟಿದವರು ಟೆರೆನ್ಸ್ ಪಾರ್. 1989ರಿಂದಲೇ ಭಾಷೆ ಕಟ್ಟುವ ಸಲಕರಣೆಗಳ ಮೇಲೆ ಕೆಲಸ ಮಾಡುತ್ತಾ ಬಂದವರು, ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಮೂರನೇ ಆವೃತ್ತಿ 2007ರಲ್ಲಿ ಬಂತು, ನಾಲ್ಕನೆಯದು 2013ರಲ್ಲಿ. ಮೂರಕ್ಕೂ ನಾಲ್ಕಕ್ಕೂ ಬಹಳ ವ್ಯತ್ಯಾಸ ಇದೆ. ಅಂತರ್ಜಾಲದಲ್ಲಿ ಸಿಗುವ ಹಳೇ ಪಾಠಗಳು ಎಷ್ಟೋ ಸಲ ಮೂರನೆಯದಕ್ಕೆ ಬರೆದವು, ನೋಡಿಕೊಂಡು ಓದಿ. ಸ್ಪಾರ್ಕ್ ಎಸ್‌ಕ್ಯೂಎಲ್, ಟ್ರೀನೋ, ಗ್ರೂವಿ 3, ಹೈಬರ್ನೇಟ್ 6 ಇಂಥ ಹೆಸರಾದ ಸಾಫ್ಟ್‌ವೇರುಗಳೆಲ್ಲ ಒಳಗೆ ಬಳಸುವುದು ಈ ನಾಲ್ಕನೇ ಆಂಟ್ಲರನ್ನೇ. ಅಷ್ಟು ಭಾರ ಹೊತ್ತು ಪಳಗಿದ ಸಲಕರಣೆ.

ಕೆಲಸ ಹೇಗೆ ನಡೆಯುತ್ತದೆ ಅಂದರೆ, ನಿಮ್ಮ ಭಾಷೆಯ ನಿಯಮಗಳನ್ನು ಒಂದು ಗ್ರಾಮರ್ ಫೈಲಿನಲ್ಲಿ ಬರೆಯುತ್ತೀರಿ. ಆಂಟ್ಲರ್ ಅದನ್ನು ಓದಿ, ಪಠ್ಯವನ್ನು ಟೋಕನ್ (ಪದ, ಅಂಕಿ, ಗುರುತು) ಆಗಿ ಒಡೆಯುವ ಲೆಕ್ಸರ್ ಮತ್ತು ಆ ಟೋಕನ್ನುಗಳನ್ನು ಮರವಾಗಿ ಜೋಡಿಸುವ ಪಾರ್ಸರ್ ಎರಡನ್ನೂ ನಿಮಗೆ ಬೇಕಾದ ಭಾಷೆಯಲ್ಲಿ ಬರೆದುಕೊಡುತ್ತದೆ. ಜಾವಾ, ಸಿ ಶಾರ್ಪ್, ಪೈಥಾನ್, ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್, ಗೋ, ಸಿ ಪ್ಲಸ್ ಪ್ಲಸ್, ಸ್ವಿಫ್ಟ್, ಪಿಎಚ್‌ಪಿ, ಡಾರ್ಟ್ ಇಷ್ಟಕ್ಕೂ ಬೆಂಬಲ ಇದೆ.

ನನ್ನ ಗ್ರಾಮರಿನ ಒಂದು ತುಂಡು ಇಲ್ಲಿದೆ. ಸ್ವಲ್ಪ ಚಿಕ್ಕದು ಮಾಡಿದ್ದೇನೆ:

ನಿಯಮ : ಷರತ್ತು 'ಆದರೆ' ಹೆಸರು '=' ಲೆಕ್ಕ ';' ;
ಷರತ್ತು : ಲೆಕ್ಕ ('>' | '<') ಲೆಕ್ಕ ;
ಲೆಕ್ಕ : ಲೆಕ್ಕ ('*' | '/') ಲೆಕ್ಕ
| ಲೆಕ್ಕ ('+' | '-') ಲೆಕ್ಕ
| '(' ಲೆಕ್ಕ ')'
| ಹೆಸರು
| ಅಂಕಿ ;

ಇದಕ್ಕೆ ಹೊಂದುವ ನಿಯಮ ಹೀಗಿರುತ್ತದೆ:

ಸುಸ್ತಿದಿನ > 90 ಆದರೆ ಬಡ್ಡಿ = ಬಡ್ಡಿ + 2;

ಹೌದು, ಗ್ರಾಮರಿನ ಒಳಗಿನ ಹೆಸರುಗಳೂ ಕನ್ನಡದಲ್ಲೇ ಇರಬಹುದು. ಜಾವಾಗೂ ಕನ್ನಡ ಹೆಸರು ಒಪ್ಪಿಗೆ, ಆದ್ದರಿಂದ ಹುಟ್ಟಿಬರುವ ಕ್ಲಾಸುಗಳ ಹೆಸರಲ್ಲೂ ನಮ್ಮ ಅಕ್ಷರಗಳು ಕೂತಿರುತ್ತವೆ. ಒಂದು ಕಟ್ಟುಪಾಡು ಮಾತ್ರ ಇದೆ. ಹೆಸರಿನ ಮೊದಲ ಅಕ್ಷರ ದೊಡ್ಡದಾದರೆ ಅದು ಟೋಕನ್, ಇಲ್ಲವಾದರೆ ಪಾರ್ಸರ್ ನಿಯಮ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ, ಹಾಗಾಗಿ ಕನ್ನಡ ಹೆಸರೆಲ್ಲ ಪಾರ್ಸರ್ ನಿಯಮಗಳೇ ಆಗುತ್ತವೆ. ಟೋಕನ್ನುಗಳಿಗೆ ಇಂಗ್ಲಿಷ್ ಹೆಸರು ಇಟ್ಟುಕೊಂಡೆ.

ಈ ತುಂಡಿನಲ್ಲಿ 'ಲೆಕ್ಕ' ಅನ್ನುವ ನಿಯಮವನ್ನು ಗಮನಿಸಿ. ಲೆಕ್ಕ ತನ್ನನ್ನೇ ಮೊದಲು ಕರೆದುಕೊಳ್ಳುತ್ತದೆ. ಹಳೇ ಆಂಟ್ಲರ್ 3ರಲ್ಲಿ ಹೀಗೆ ಬರೆಯಲು ಬಿಡುತ್ತಿರಲಿಲ್ಲ. ಗುಣಾಕಾರಕ್ಕೊಂದು ಮಟ್ಟ, ಕೂಡುವುದಕ್ಕೊಂದು ಮಟ್ಟ ಅಂತ ನಿಯಮವನ್ನು ಸೀಳಿ ಸೀಳಿ ಬರೆಯಬೇಕಿತ್ತು. ನಾಲ್ಕರಲ್ಲಿ ಮನಸ್ಸಿಗೆ ಬಂದ ಹಾಗೆ ಬರೆದರೆ ಸಾಕು. ಮೇಲೆ ಬರೆದದ್ದಕ್ಕೆ ಜಾಸ್ತಿ ಬಿಗಿ (ಅಂದರೆ ಆ ಲೆಕ್ಕ ಮೊದಲು), ಕೆಳಗಿನದಕ್ಕೆ ಕಡಿಮೆ. ಎರಡು ನಿಯಮಗಳು ಸುತ್ತಿ ಬಳಸಿ ತಮ್ಮ ಮೊದಲಲ್ಲೇ ಒಂದನ್ನೊಂದು ಕರೆದರೆ ಮಾತ್ರ ಈಗಲೂ ಒಪ್ಪುವುದಿಲ್ಲ.

ಇಲ್ಲೇ ಒಂದು ಸೂಕ್ಷ್ಮ ಇದೆ, ಹೊಸಬರು ದಯವಿಟ್ಟು ನೆನಪಿಡಿ. ಕೂಡುವ ಗುರುತನ್ನೂ ಕಳೆಯುವ ಗುರುತನ್ನೂ ಮೇಲಿನಂತೆ ಒಂದೇ ಸಾಲಿನಲ್ಲಿ ಇಡಬೇಕು. ಬೇರೆ ಬೇರೆ ಸಾಲಿನಲ್ಲಿ, ಕೂಡುವುದನ್ನು ಮೇಲೆ ಇಟ್ಟರೆ 10 - 3 + 2 ಅನ್ನುವುದನ್ನು ಅದು 10 - (3 + 2) ಅಂತ ಓದುತ್ತದೆ. 9 ಬರಬೇಕಾದಲ್ಲಿ 5 ಬರುತ್ತದೆ. ಎಚ್ಚರಿಕೆಯೂ ಬರುವುದಿಲ್ಲ, ಯಾಕೆಂದರೆ ಆಂಟ್ಲರ್ ಕಣ್ಣಿಗೆ ಅದು ಸರಿಯಾದ ಗ್ರಾಮರೇ.

ನನಗೆ ಆಂಟ್ಲರ್ 4ರಲ್ಲಿ ಅತಿ ಇಷ್ಟವಾದ ಗುಣ ಇದು: ಗ್ರಾಮರ್ ಬೇರೆ, ಕೋಡ್ ಬೇರೆ. ಯಾಕ್, ಬೈಸನ್ ಥರದ ಹಳೇ ಸಲಕರಣೆಗಳಲ್ಲಿ ಪ್ರತಿ ನಿಯಮದ ಪಕ್ಕ ಸಿ ಕೋಡ್ ತುರುಕುತ್ತಾರೆ. ಸ್ವಲ್ಪ ದಿನದಲ್ಲಿ ಯಾವುದು ಭಾಷೆ, ಯಾವುದು ಕೆಲಸ ಅಂತ ಗೊತ್ತಾಗದಷ್ಟು ಕಲಸಿಹೋಗುತ್ತದೆ. ಇಲ್ಲಿ ಗ್ರಾಮರ್ ಸ್ವಚ್ಛವಾಗಿ ಉಳಿಯುತ್ತದೆ. ಮರವನ್ನು ಸುತ್ತುವ ಕೋಡನ್ನು ಲಿಸನರ್ ಅಥವಾ ವಿಸಿಟರ್ ಕ್ಲಾಸಿನಲ್ಲಿ ಪ್ರತ್ಯೇಕ ಬರೆಯುತ್ತೀರಿ. ಒಂದೇ ಗ್ರಾಮರಿಗೆ ನಾನು ಎರಡು ವಿಸಿಟರ್ ಬರೆದಿದ್ದೇನೆ. ಒಂದು ಬಡ್ಡಿ ಲೆಕ್ಕ ಹಾಕುತ್ತದೆ. ಇನ್ನೊಂದು ಅದೇ ನಿಯಮವನ್ನು ಎಸ್‌ಕ್ಯೂಎಲ್ ಮಾಡಿ ವರದಿಗೆ ಕಳಿಸುತ್ತದೆ. ಗ್ರಾಮರ್ ಪ್ರಿಂಟ್ ಹಾಕಿ ಒಬ್ಬ ಕಾರ್ಯದರ್ಶಿಗಳ ಮುಂದಿಟ್ಟಾಗ ಅವರು ಬೆರಳಿಟ್ಟು ಓದಿ, "ನೋಡ್ರಿ ಮೇಡಂ, ಇದರಾಗೆ 'ಅಥವಾ' ಅನ್ನೋದೇ ಇಲ್ಲವಲ್ಲ, ನಮ್ಮ ಬೈಲಾದಾಗೆ ಅದು ಬೇಕೇ ಬೇಕು" ಅಂದರು. ಜಾವಾ ಕೋಡ್ ತೋರಿಸಿದ್ದರೆ ಆ ಮಾತು ಬರುತ್ತಿತ್ತಾ?

ಈಗ ಕನ್ನಡದ ವಿಷಯ. ಇದನ್ನು ಯಾರೂ ಒಂದೆಡೆ ಬರೆದಿಟ್ಟದ್ದು ನನಗೆ ಸಿಗಲಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2017ರ 4.7 ಆವೃತ್ತಿಯಿಂದ ಆಂಟ್ಲರ್ ಯೂನಿಕೋಡನ್ನು ಪೂರ್ತಿ ಬೆಂಬಲಿಸುತ್ತದೆ. ಟೋಕನ್ ನಿಯಮದಲ್ಲಿ 'ಅಕ್ಷರ' ಅನ್ನುವ ಯೂನಿಕೋಡ್ ವರ್ಗವನ್ನೇ ಕೊಡಬಹುದು. ಆದರೆ ಅಷ್ಟನ್ನೇ ಕೊಟ್ಟರೆ ಕನ್ನಡ ಓದಲು ಬರುವುದಿಲ್ಲ. 'ಬಡ್ಡಿ' ತಗೊಳ್ಳಿ. ಕಂಪ್ಯೂಟರಿಗೆ ಅದು ಐದು ಸಂಕೇತ: ಬ, ಡ, ವಿರಾಮ ಚಿಹ್ನೆ (ವ್ಯಂಜನದ ಸ್ವರ ತೆಗೆಯುವ ಗುರುತು), ಡ, ಗುಡಿಸು. ಯೂನಿಕೋಡ್ ಲೆಕ್ಕದಲ್ಲಿ ವಿರಾಮ ಚಿಹ್ನೆಯೂ ಗುಡಿಸೂ 'ಅಕ್ಷರ' ವರ್ಗಕ್ಕೆ ಸೇರುವುದಿಲ್ಲ, ಅವು 'ಮಾರ್ಕ್' ವರ್ಗ. ಲೆಕ್ಸರ್ 'ಬಡ' ಅಂತ ಓದಿ ನಿಂತು, ಮುಂದಿನದು ಗುರುತು ಸಿಗಲಿಲ್ಲ ಅಂತ ದೂರುತ್ತದೆ. ಹೆಸರಿನ ಮುಂದುವರಿಕೆಯಲ್ಲಿ ಮಾರ್ಕ್ ವರ್ಗವನ್ನೂ ಸೇರಿಸಿದರೆ ಸರಿಹೋಗುತ್ತದೆ.

ಆಮೇಲೆ ಬರುತ್ತದೆ 'ಆರ್‌ಡಿ'. ರ್ ಮತ್ತು ಡಿ ಒತ್ತಕ್ಷರ ಆಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ. ಅದನ್ನೂ ಹೆಸರಿಟ್ಟು ಸೇರಿಸಬೇಕು. ಇನ್ನೂ ಕಷ್ಟದ್ದು 'ಲೋನ್'. ಕೆಲವು ಕೀಬೋರ್ಡುಗಳು ಪದದ ಕೊನೆಗೂ ಆ ಕಾಣದ ಸಂಕೇತ ಬಿಟ್ಟುಹೋಗುತ್ತವೆ. ಜೊತೆಗೆ 'ಲೋ'ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿಯಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಲೆಕ್ಸರಿಗೆ ಮಾತ್ರ ಬೇರೆ ಬೇರೆ ಹೆಸರು. ಆಂಟ್ಲರ್ ಇದನ್ನು ತಾನಾಗಿ ಸರಿಮಾಡುವುದಿಲ್ಲ. ಪಠ್ಯವನ್ನು ಲೆಕ್ಸರಿಗೆ ಕೊಡುವ ಮೊದಲೇ ಯೂನಿಕೋಡ್ ನಾರ್ಮಲೈಸೇಶನ್ (ಬೇರೆ ಬೇರೆ ಬರಹವನ್ನು ಒಂದೇ ರೂಪಕ್ಕೆ ತರುವುದು) ಮಾಡಿ, ಪದದ ಕೊನೆಯ ಕಾಣದ ಸಂಕೇತ ತೆಗೆದುಬಿಡಿ. ಜಾವಾದಲ್ಲಿ ಇದು ಕೆಲವೇ ಸಾಲಿನ ಕೆಲಸ. ಇಷ್ಟು ಮಾಡಿದರೆ ಕನ್ನಡದ ಭಾಷೆ ಕಟ್ಟಲು ಆಂಟ್ಲರ್ ನಿಜಕ್ಕೂ ತಯಾರಿದೆ, ಯಾವ ಅನುಮಾನವೂ ಬೇಡ.

ಅಂಕಿಯ ವಿಷಯವೂ ಚೆನ್ನಾಗಿ ಬಗೆಹರಿಯಿತು. ನಮ್ಮವರು 1,50,000 ಅಂತ ಅಲ್ಪವಿರಾಮ ಹಾಕಿಯೇ ಬರೆಯುವುದು, ಅಲ್ವಾ? ಲೆಕ್ಸರ್ ಯಾವಾಗಲೂ ಅತಿ ಉದ್ದಕ್ಕೆ ಹೊಂದುವ ನಿಯಮವನ್ನು ಆರಿಸುತ್ತದೆ. ಹಾಗಾಗಿ ಲಕ್ಷದ ಲೆಕ್ಕದ ಅಲ್ಪವಿರಾಮ ಇರುವ ಅಂಕಿಗೆ ಒಂದು ಟೋಕನ್ ಬರೆದರೆ ಅದು ಇಡಿಯಾಗಿ ಸಿಗುತ್ತದೆ. ಆದರೆ ಅದೇ ಕಾರಣಕ್ಕೆ ಫಂಕ್ಷನ್ನಿನ ಒಳಗೆ ಎರಡು ಬೆಲೆಗಳ ನಡುವೆ ಅಲ್ಪವಿರಾಮ ಇಡುವ ಹಾಗಿಲ್ಲ. ನಾನು ಅಲ್ಲಿ 'ಮತ್ತು' ಇಟ್ಟೆ: ಕನಿಷ್ಠ(5,000 ಮತ್ತು ಅಸಲು). ಓದಲೂ ಇದೇ ಚೆಂದ.

ತಪ್ಪು ಬರೆದಾಗ ಏನಾಗುತ್ತದೆ ಅನ್ನುವುದು ಹಣದ ಕೆಲಸದಲ್ಲಿ ಬಹಳ ಮುಖ್ಯ. ಆಂಟ್ಲರ್ ಸ್ವಭಾವತಃ ಕ್ಷಮಿಸುವ ಗುಣದ್ದು. ಒಂದು ಟೋಕನ್ ಹೆಚ್ಚಾಗಿದ್ದರೆ ಬಿಟ್ಟು, ಕಡಿಮೆಯಾಗಿದ್ದರೆ ಇದೆ ಅಂದುಕೊಂಡು ಮುಂದೆ ಸಾಗುತ್ತದೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಇದು ವರ. ಬಡ್ಡಿಗೆ ಅಪಾಯ. ಯಾರೋ 9.5 ಬರೆಯುವಾಗ ಚುಕ್ಕಿ ಬಿಟ್ಟು 'ಬಡ್ಡಿ = 9 5;' ಅಂತ ಬರೆದರೆ, ದೂರಿನ ಒಂದು ಸಾಲು ಹೊರಗೆ ಹಾಕಿ, 5ನ್ನು ಪಕ್ಕಕ್ಕಿಟ್ಟು, 9 ಅಂತಲೇ ಮರ ಕಟ್ಟುತ್ತದೆ. ಆ ದೂರನ್ನು ನೀವು ಹಿಡಿಯದಿದ್ದರೆ ಸದಸ್ಯರ ಖಾತೆಗೆ 9ರ ಲೆಕ್ಕವೇ ಹೋಗುತ್ತದೆ. ಅದಕ್ಕೆ ಲೆಕ್ಸರಿಗೂ ಪಾರ್ಸರಿಗೂ ಎರಡಕ್ಕೂ ಸ್ವಂತ ಎರರ್ ಲಿಸನರ್ (ದೂರು ಹಿಡಿಯುವ ಕ್ಲಾಸು) ಹಾಕಿ. ಒಂದೇ ಒಂದು ದೂರು ಬಂದರೂ ನಿಯಮವನ್ನು ಒಪ್ಪಬೇಡಿ. ಮೊದಲ ನಿಯಮದ ಕೊನೆಗೆ ಫೈಲಿನ ಅಂತ್ಯದ ಗುರುತನ್ನೂ ಬರೆಯಿರಿ. ಇಲ್ಲದಿದ್ದರೆ ಅರ್ಥವಾದಷ್ಟು ಓದಿ, ಉಳಿದದ್ದನ್ನು ಸುಮ್ನೆ ಬಿಟ್ಟುಬಿಡಬಹುದು.

ಸ್ವಂತ ಲಿಸನರ್ ಇಟ್ಟುಕೊಂಡರೆ ಇನ್ನೊಂದು ಲಾಭ, ತಪ್ಪಿನ ಮಾತನ್ನು ಕನ್ನಡದಲ್ಲೇ ಹೇಳಬಹುದು. ಸಾಲು, ಕಾಲಂ, ತಪ್ಪಿದ ಟೋಕನ್ ಎಲ್ಲ ಕೈಗೆ ಸಿಗುತ್ತದೆ. '3ನೇ ಸಾಲು: ಇಲ್ಲಿ "ಆದರೆ" ಬರಬೇಕು' ಅಂತ ತೋರಿಸಿದರೆ ಗುಮಾಸ್ತರು ತಾವೇ ತಿದ್ದಿಕೊಳ್ಳುತ್ತಾರೆ. ಕಾಲಂ ಎಣಿಕೆ ಮಾತ್ರ ಸಂಕೇತದ ಲೆಕ್ಕದಲ್ಲಿ ಬರುತ್ತದೆ. 'ಸುಸ್ತಿ' ಕಣ್ಣಿಗೆ ಎರಡು ಅಕ್ಷರ, ಆಂಟ್ಲರಿಗೆ ಆರು. ತಪ್ಪಿನ ಕೆಳಗೆ ಗುರುತು ಹಾಕುವ ಮೊದಲು ಅದನ್ನು ಕಾಣುವ ಅಕ್ಷರಗಳ ಲೆಕ್ಕಕ್ಕೆ ತಂದುಕೊಳ್ಳಬೇಕು.

ಇನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವುದು. ಫಾಕ್ಸ್‌ಪ್ರೊ ಬಳಸಿದವರಿಗೆ ಗೊತ್ತಿರುತ್ತದೆ, ಅದರ ಕೊನೆಯ ಆವೃತ್ತಿ ವಿಷುಯಲ್ ಫಾಕ್ಸ್‌ಪ್ರೊ 9, ಬೆಂಬಲ 2015ರಲ್ಲಿ ಮುಗಿಯಿತು. ಆದರೆ ಕೋಡ್ ಇನ್ನೂ ಉಸಿರಾಡುತ್ತಿದೆ. ಆ ಭಾಷೆಯ ಸ್ವಭಾವ ಪಾರ್ಸರಿಗೆ ಒಳ್ಳೆಯ ಪರೀಕ್ಷೆ. ಆಜ್ಞೆಗಳನ್ನು ಮೊದಲ ನಾಲ್ಕು ಅಕ್ಷರಕ್ಕೆ ಮೊಟಕು ಮಾಡಿಯೂ ಬರೆಯಬಹುದು. ದೊಡ್ಡಕ್ಷರ ಚಿಕ್ಕಕ್ಷರ ಯಾವುದಾದರೂ ನಡೆಯುತ್ತದೆ. ನಕ್ಷತ್ರದ ಗುರುತು ಸಾಲಿನ ಮೊದಲಿಗೆ ಬಂದರೆ ಟಿಪ್ಪಣಿ, ನಡುವೆ ಬಂದರೆ ಗುಣಾಕಾರ. ಆಜ್ಞೆಯ ಹೆಸರನ್ನೇ ಫೀಲ್ಡಿಗೂ ಇಟ್ಟಿರಬಹುದು. ಇಷ್ಟನ್ನೂ ಆಂಟ್ಲರಿನಲ್ಲಿ ನಿಭಾಯಿಸಲು ಆಯಿತು. ದೊಡ್ಡಕ್ಷರ ಚಿಕ್ಕಕ್ಷರದ ಭೇದ ಬೇಡ ಅನ್ನಲು 4.10ರಿಂದ ಒಂದೇ ಆಯ್ಕೆ ಸಾಕು. ಮೊದಲು ಪ್ರತಿ ಅಕ್ಷರಕ್ಕೂ ಜೋಡಿ ಬರೆಯಬೇಕಿತ್ತು.

ಟಿಪ್ಪಣಿಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಟಿಪ್ಪಣಿಗಳನ್ನು ಎಸೆಯದೆ ಒಂದು ಮರೆಯ ಚಾನೆಲ್ಲಿಗೆ ಕಳಿಸಬಹುದು. ಪಾರ್ಸರಿಗೆ ಅವು ಅಡ್ಡಿಯಾಗುವುದಿಲ್ಲ. ಹೊಸ ಕೋಡ್ ಬರೆಯುವಾಗ, ಈ ಆಜ್ಞೆಯ ಎಡಕ್ಕೆ ಯಾವ ಟಿಪ್ಪಣಿ ಇತ್ತು ಅಂತ ಕೇಳಿ ತಂದು ಕೂರಿಸಬಹುದು. ಯಾವ ಠರಾವಿನಿಂದ ಯಾವ ದರ ಬಂತು ಅನ್ನುವ ದಾಖಲೆ ಎಷ್ಟೋ ಕಡೆ ಆ ಟಿಪ್ಪಣಿಗಳಲ್ಲಿ ಮಾತ್ರ ಉಳಿದಿತ್ತು. ಮೂಲ ಫೈಲನ್ನೇ ಅಲ್ಲಲ್ಲಿ ತಿದ್ದಿ ಬೇರೆಲ್ಲ ಹಾಗೇ ಬಿಡಬೇಕಾದರೆ ಟೋಕನ್ ಸ್ಟ್ರೀಮ್ ರೀರೈಟರ್ ಇದೆ. ಪೂರ್ತಿ ಹೊಸ ಕೋಡ್ ಹುಟ್ಟಿಸಲು ಪಾರ್ ಅವರದೇ ಸ್ಟ್ರಿಂಗ್‌ಟೆಂಪ್ಲೇಟ್ ಇದೆ. ಆಂಟ್ಲರ್ ಇಷ್ಟೊಂದು ಭಾಷೆಗಳಿಗೆ ಕೋಡ್ ಬರೆದುಕೊಡುವುದೂ ಅದರಿಂದಲೇ.

ಆದರೆ ಮೊದಲು ಹೇಳಿದ ಮಾತು ಇಲ್ಲಿ ಸ್ಪಷ್ಟವಾಗುತ್ತದೆ. ಫಾಕ್ಸ್‌ಪ್ರೊದ ರಿಪ್ಲೇಸ್ ಆಜ್ಞೆ ನೋಡಿ. ಅದರ ಮುಂದೆ ಫಾರ್ ಅಂತ ಷರತ್ತಾಗಲಿ ಆಲ್ ಥರದ ವ್ಯಾಪ್ತಿಯಾಗಲಿ ಇಲ್ಲದಿದ್ದರೆ ಅದು ಈಗ ನಿಂತಿರುವ ಒಂದೇ ದಾಖಲೆಯನ್ನು ಬದಲಿಸುತ್ತದೆ. ಎಸ್‌ಕ್ಯೂಎಲ್‌ನ ಅಪ್‌ಡೇಟ್‌ಗೆ ಷರತ್ತು ಇಲ್ಲದಿದ್ದರೆ ಇಡೀ ಟೇಬಲ್ ಬದಲಾಗುತ್ತದೆ. ಪದಕ್ಕೆ ಪದ ದಾಟಿಸಿದರೆ ಒಬ್ಬರ ಬಾಕಿ ಎಲ್ಲರ ಬಾಕಿ ಆಗುತ್ತದೆ. ಸಮ ಚಿಹ್ನೆಯೂ ಹಾಗೇ. ಫಾಕ್ಸ್‌ಪ್ರೊದಲ್ಲಿ ಮಾಮೂಲಿ ಸ್ಥಿತಿಯಲ್ಲಿ ಬಲಗಡೆಯ ಪದ ಮುಗಿಯುವವರೆಗೆ ಮಾತ್ರ ಹೋಲಿಕೆ. ಖಾತೆಯ ಬಗೆ 'ಜಿಎಲ್' ಅಂತ ಕೇಳಿದರೆ 'ಜಿಎಲ್2' ಕೂಡ ಸಿಗುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಸಿಗುವುದಿಲ್ಲ. ಇದು ಯಾವುದೂ ಗ್ರಾಮರಿನಲ್ಲಿ ಇರುವುದಿಲ್ಲ. ಆಂಟ್ಲರ್ ಕೊಟ್ಟ ಮರ ಎರಡೂ ಸಲ ಸರಿಯಾಗೇ ಇರುತ್ತದೆ. ಅದರ ಮೇಲೆ ಕೂತು ಯೋಚಿಸಬೇಕಾದವರು ನಾವು. ಆಂಪರ್‌ಸ್ಯಾಂಡ್ ಇಟ್ಟು ಮಾಡುವ ಮ್ಯಾಕ್ರೋಗಳಲ್ಲಂತೂ ಕೋಡಿನ ಪಠ್ಯ ಹುಟ್ಟುವುದೇ ಓಡುವಾಗ. ಅಂಥ ಜಾಗಗಳನ್ನು ಪಟ್ಟಿ ಮಾಡಿ ಕೊಡುವಷ್ಟಕ್ಕೆ ನನ್ನ ಪರಿವರ್ತಕವನ್ನು ನಿಲ್ಲಿಸಿದೆ. ಅವನ್ನು ಕೈಯಾರೆ ಬರೆದೆವು.

ವೇಗದ ಬಗ್ಗೆ ಎರಡು ಮಾತು. ಒಳಗಿರುವ ವಿಧಾನದ ಹೆಸರು ಆಲ್-ಸ್ಟಾರ್, ಪಾರ್ ಮತ್ತು ಇಬ್ಬರು ಸಹಲೇಖಕರ ಪ್ರಬಂಧ 2014ರದ್ದು. ಗ್ರಾಮರನ್ನು ಮೊದಲೇ ಪೂರ್ತಿ ಜಾಲಾಡುವ ಬದಲು, ಮುಂದೆ ಬಂದ ಪಠ್ಯ ನೋಡಿಕೊಂಡು ಯಾವ ದಾರಿ ಅಂತ ತೀರ್ಮಾನಿಸಿ, ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲ ಫೈಲು ನಿಧಾನ, ಆಮೇಲಿನವು ಚುರುಕು. ಜಾವಾದಲ್ಲಿ ನಮ್ಮ ಕೆಲಸಕ್ಕೆ ಧಾರಾಳ ಸಾಕು. ಅದೇ ಗ್ರಾಮರ್ ಪೈಥಾನಿನಲ್ಲಿ ಎದ್ದುಕಾಣುವಷ್ಟು ನಿಧಾನ. ಆಂಟ್ಲರ್ ಟೂಲ್ ಮತ್ತು ಪಾರ್ಸರ್ ಓಡುವಾಗ ಬೇಕಾಗುವ ರನ್‌ಟೈಮ್ ಒಂದೇ ಆವೃತ್ತಿಯವು ಇರಬೇಕು ಅನ್ನುವುದನ್ನೂ ಮರೆಯಬೇಡಿ. 2022ರ 4.10ರಲ್ಲಿ ಒಳಗಿನ ಸ್ವರೂಪವೇ ಬದಲಾಯಿತು, ಹಳೆಯದಕ್ಕೂ ಹೊಸದಕ್ಕೂ ಕೂಡಿಬರುವುದಿಲ್ಲ. ಟೂಲ್ ಓಡಲು ಜಾವಾ 11 ಬೇಕು, ನೀವು ಯಾವ ಭಾಷೆಯಲ್ಲಿ ಪಾರ್ಸರ್ ಬರೆಸಿದರೂ.

ಬೇರೆ ಸಲಕರಣೆಗಳನ್ನೂ ನೋಡಿದೆ. ಎಡಿಟರಿನಲ್ಲಿ ಬಣ್ಣ ಹಚ್ಚಲು, ಒಂದೊಂದು ಕೀ ಒತ್ತಿದಾಗಲೂ ಮರವನ್ನು ತಿದ್ದುತ್ತಾ ಹೋಗಲು ಟ್ರೀ-ಸಿಟ್ಟರ್ ಮುಂದಿದೆ. ಜೆಟ್‌ಬ್ರೈನ್ಸ್ ಎಂಪಿಎಸ್ ಬಹಳ ಶಕ್ತಿಶಾಲಿ. ಆದರೆ ಅಲ್ಲಿ ಪಠ್ಯ ಬರೆಯುವ ಬದಲು ಮರವನ್ನೇ ನೇರ ತಿದ್ದಬೇಕು. ವಾಟ್ಸ್ಆ್ಯಪ್‌ನಲ್ಲಿ ಒಂದು ನಿಯಮ ಟೈಪ್ ಮಾಡಿ ಕಳಿಸುವ ನಮ್ಮ ಕಾರ್ಯದರ್ಶಿಗಳಿಗೆ ಅದು ಒಗ್ಗುವುದಿಲ್ಲ. ಎಕ್ಸ್‌ಟೆಕ್ಸ್ಟ್ ಒಳಗೆ ಇರುವುದು ಆಂಟ್ಲರ್ 3. ಪೈಥಾನಿನಲ್ಲೇ ಇರುವವರಿಗೆ ಲಾರ್ಕ್ ಸಲೀಸು.

ಶುರು ಮಾಡುವವರು ಪೈಥಾನಿನ ಪಿಪ್ ಮೂಲಕ ಆಂಟ್ಲರ್4-ಟೂಲ್ಸ್ ಹಾಕಿಕೊಳ್ಳಿ. ಜಾವಾ ಇಲ್ಲದಿದ್ದರೆ ಅದನ್ನೂ ಅದೇ ತಂದುಕೊಡುತ್ತದೆ. ಗ್ರಾಮರ್ ಮತ್ತು ಒಂದು ಮಾದರಿ ಫೈಲ್ ಕೊಟ್ಟರೆ ಮರದ ಚಿತ್ರ ತೆರೆಯುತ್ತದೆ. ಆ ಚಿತ್ರ ನೋಡಿಕೊಂಡೇ ಗ್ರಾಮರ್ ತಿದ್ದಿ, ಕೋಡ್ ಬರೆಯುವುದು ಆಮೇಲೆ. ಕೋಬಾಲ್, ಪಿಎಲ್ ಎಸ್‌ಕ್ಯೂಎಲ್ ಥರದ ಭಾಷೆ ದಾಟಿಸಬೇಕಾದವರು ಮೊದಲು ಆಂಟ್ಲರ್ ಸಮುದಾಯದ ಗ್ರಾಮರ್ ಸಂಗ್ರಹ ಹುಡುಕಿ, ಅಲ್ಲಿ ಬಹಳಷ್ಟು ಸಿದ್ಧವಾಗಿ ಸಿಗುತ್ತದೆ. ಪ್ರತಿ ಗ್ರಾಮರಿಗೂ ಅದನ್ನು ಬರೆದವರ ಲೈಸೆನ್ಸ್ ಬೇರೆ ಬೇರೆ ಇರಬಹುದು, ಫೈಲಿನ ತಲೆಯಲ್ಲಿ ಬರೆದಿರುತ್ತಾರೆ, ಓದಿಕೊಂಡು ಬಳಸಿ.